ಮಿಲ್ಕಮ್ಮನ ಕೌದಿಯ ಮೇಲೆ ಯಾರೂ ಕೂರಲಿಲ್ಲ

ಪ್ರಿಯರೇ, ಪೀಠದ ಮುಂದೆ ನೋಡಿ. ಏನು ಕಾಣುತ್ತಿದೆ? ಬಿಳಿ ಕಾಗದ ಸುತ್ತಿದ ಪೊಟ್ಟಣಗಳ ರಾಶಿ. ಅಕ್ಕಿ, ಎಣ್ಣೆ, ಸೀರೆ, ಟವೆಲ್ಲು, ಚಾದರ. ಬಡವರ ಕ್ರಿಸ್ಮಸ್ಸಿಗೆಂದು ನೀವೇ ಹೊತ್ತು ತಂದದ್ದು. ಈ ವರ್ಷ ರಾಶಿ ದೊಡ್ಡದಾಗಿದೆ, ಸಂತೋಷ. ಆರಾಧನೆಗೆ ಮುಂಚೆ ಕೆಲವರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡದ್ದನ್ನೂ ನೋಡಿದೆ. ಅದಕ್ಕೂ ಸಂತೋಷ ಎಂದು ಹೇಳಲಾರೆ. ಇರಲಿ, ಇವತ್ತಿನ ಮಾತು ಅದಲ್ಲ.

ಡಿಸೆಂಬರ್ ಬಂತೆಂದರೆ ಪ್ರಸಂಗದಲ್ಲಿ ಜಿಪುಣರಿಗೆ ಪೂಜೆ ಗ್ಯಾರಂಟಿ ಎಂದು ನಿಮಗೆಲ್ಲ ಗೊತ್ತಿದೆ. ನಾನು ಬೈಯುವುದು, ಜಿಪುಣರು ತಲೆ ತಗ್ಗಿಸುವುದು, ಕೊಡುವವರು ಅವರ ಕಡೆ ಓರೆಗಣ್ಣಿನಿಂದ ನೋಡುವುದು. ಪ್ರತಿ ವರ್ಷ ಇದೇ ಆಯಿತು. ಈ ಸಲ ಜಿಪುಣರಿಗೆ ರಜೆ. ಇವತ್ತಿನ ಮಾತು ಧಾರಾಳವಾಗಿ ಕೊಡುವವರಿಗೆ. ಮುಂದಿನ ಬೆಂಚುಗಳಲ್ಲಿ ಕೂತವರು ಸ್ವಲ್ಪ ಸರಿಯಾಗಿ ಕೂರಿ. ಕಥೆ ಸಿಹಿಯಾದದ್ದಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಬ್ಬದ ಹೊತ್ತಿನಲ್ಲಿ ಇಂಥದ್ದು ಯಾಕೆ ಅಯ್ಯನವರೇ ಎಂದು ಕೇಳಬೇಡಿ. ಮೊಟ್ಟಮೊದಲ ಕ್ರಿಸ್ಮಸ್ಸೂ 'ಒಳಗೆ ಜಾಗವಿಲ್ಲ' ಎಂಬ ಮಾತಿನಿಂದಲೇ ಶುರುವಾಯಿತು.

ಒಂದು ಊರು. ಆ ಊರಿನ ಸಭೆಗೊಬ್ಬ ಶ್ರೀಮಂತ. ಅವನ ಹೆಸರು ಬೇಡ. ಹೆಸರು ಹೇಳಿದರೆ 'ಅಬ್ಬಾ, ಇವನು ನಾನಲ್ಲ' ಎಂದು ನೀವು ನಿರಾಳವಾಗಿ ಒರಗಿ ಕೂರುತ್ತೀರಿ. ಸಿಮೆಂಟು, ಕಬ್ಬಿಣ, ತಗಡಿನ ದೊಡ್ಡ ಅಂಗಡಿ ಅವನದು. ಸಭೆಯ ಹಿರಿಯನೂ ಹೌದು. ನೋಡಿ, ಇವನು ಕೆಟ್ಟವನಲ್ಲ. ಬಡವರ ರಕ್ತ ಹೀರಿದವನಲ್ಲ, ತೂಕದಲ್ಲಿ ಮೋಸ ಮಾಡಿದವನಲ್ಲ. ಕೊಡುವವನು. ಯಾರ ಮನೆಯಲ್ಲಿ ಸಾವಾದರೂ ಪೆಟ್ಟಿಗೆಯ ಖರ್ಚು ಇವನದು. ಯಾರ ಮಗಳ ಮದುವೆಯಾದರೂ ಅಕ್ಕಿ ಇವನದು. ಬಲಗೈ ಕೊಟ್ಟದ್ದು ಎಡಗೈಗೂ ಗೊತ್ತಾಗುತ್ತಿತ್ತು, ಊರಿಗೂ ಗೊತ್ತಾಗುತ್ತಿತ್ತು. ಅಷ್ಟನ್ನು ನಾವು ಕ್ಷಮಿಸಿಬಿಡೋಣ. ಕ್ರಿಸ್ಮಸ್ಸಿಗೆ ಹಂಚುವ ಬಟ್ಟೆಚೀಲದ ಒಂದು ಕಡೆ ಅಂಗಡಿಯ ಹೆಸರು, ಇನ್ನೊಂದು ಕಡೆ 'ತೆಗೆದುಕೊಳ್ಳುವುದಕ್ಕಿಂತ ಕೊಡುವುದರಲ್ಲೇ ಹೆಚ್ಚು ಭಾಗ್ಯ' ಎಂದು ಅಚ್ಚು ಹಾಕಿಸಿದ್ದ.

ಅವನಲ್ಲಿ ಇದ್ದದ್ದು ಒಂದೇ ಕೊರತೆ. ಅದನ್ನು ಊರು ಕೊರತೆ ಎಂದು ಕರೆಯುತ್ತಿರಲಿಲ್ಲ, ದೊಡ್ಡ ಗುಣ ಎನ್ನುತ್ತಿತ್ತು. ಏನದು? ಅವನು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆಗೆ ಹೋದರೆ ಉಡುಗೊರೆ ಕೊಟ್ಟು ಊಟ ಮಾಡದೆ ಬರುವನು. ಯಾರಾದರೂ ಹೊಲದ ಕಡಲೆಕಾಯಿ ತಂದುಕೊಟ್ಟರೆ ಅದರ ಎರಡರಷ್ಟು ಬೆಲೆಯ ಸಾಮಾನು ಅವರ ಮನೆಗೆ ಕಳಿಸುವನು. 'ನನಗೆ ಯಾರ ಹಂಗೂ ಬೇಡ' ಎನ್ನುವುದು ಅವನ ಬಾಯಿಪಾಠ. ಕೊಡುವ ಕೈ ಯಾವಾಗಲೂ ಮೇಲಿರುತ್ತದಲ್ಲ? ಅವನ ಕೈ ಒಂದು ದಿನವೂ ಕೆಳಗೆ ಬಂದದ್ದಿಲ್ಲ.

ಅವನ ಹೆಂಡತಿ ಬೇರೆ ಥರದವಳು. ಯಾರ ಮನೆಯ ಕಟ್ಟೆಯ ಮೇಲಾದರೂ ಕೂರುವಳು, ಯಾರ ಮನೆಯ ರೊಟ್ಟಿಯನ್ನಾದರೂ ಮುರಿದು ತಿನ್ನುವಳು. ಗಂಡನಿಗೆ ಅದು ಅಷ್ಟು ಸರಿಬರುತ್ತಿರಲಿಲ್ಲ.

ಅದೇ ಸಭೆಯಲ್ಲಿ ಒಬ್ಬ ವಿಧವೆ. ಇವಳಿಗೆ ಹೆಸರು ಕೊಡುತ್ತೇನೆ, ಮಿಲ್ಕಮ್ಮ. ಶ್ರೀಮಂತನಿಗಿಲ್ಲದ ಹೆಸರು ಇವಳಿಗೆ ಯಾಕೆ? ಕರ್ತನು ಹೇಳಿದ ಕಥೆಯಲ್ಲೂ ಹಾಗೆಯೇ ಅಲ್ಲವೇ? ಐಶ್ವರ್ಯವಂತನಿಗೆ ಹೆಸರಿಲ್ಲ, ಅವನ ಬಾಗಿಲಲ್ಲಿ ಬಿದ್ದಿದ್ದ ಹುಣ್ಣಿನವನಿಗೆ ಇತ್ತು. ಪರಲೋಕದಲ್ಲಿ ಹಾಜರಿ ಕರೆಯುವ ರೀತಿಯೇ ಬೇರೆ.

ಮಿಲ್ಕಮ್ಮನಿಗೆ ಮಕ್ಕಳಿಲ್ಲ. ಹಿಂದಿನ ಓಣಿಯಲ್ಲಿ ಮಣ್ಣಿನ ಗೋಡೆಯ ಒಂದೇ ಕೋಣೆಯ ಮನೆ, ಮುಂದೆ ಚಿಕ್ಕ ಅಂಗಳ. ಕೌದಿ ಹೊಲಿದು ಬದುಕುವವಳು. ಹಳೆಯ ಸೀರೆ ಪಂಚೆಗಳನ್ನು ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ಕೈಸೂಜಿಯಲ್ಲಿ ಸಾಲಾಗಿ ಹೊಲಿದು ಹೊದೆಯಲು ಹಾಸಲು ಮಾಡುತ್ತಾರಲ್ಲ, ಆ ಕೌದಿ. ಸಭೆಯವರು ಕ್ರಿಸ್ಮಸ್ ಬಂತೆಂದರೆ ಹಳೆಯ ಬಟ್ಟೆಗಳನ್ನು ಗಂಟು ಕಟ್ಟಿ 'ಪಾಪ, ಮಿಲ್ಕಮ್ಮನಿಗೆ' ಎಂದು ಕೊಡುವರು. ಅವಳು ಎಲ್ಲವನ್ನೂ ತೆಗೆದಿಡುವಳು. ಬೇಡ ಎಂದವಳೇ ಅಲ್ಲ.

ಆ ಸಭೆಯಲ್ಲೊಂದು ಪದ್ಧತಿ. ನಿಮ್ಮಲ್ಲೂ ಇದೆ. ಹಬ್ಬದ ಮುಂಚಿನ ದಿನಗಳಲ್ಲಿ ಹಾಡಿನ ತಂಡ ಮನೆಮನೆಗೆ ಹೋಗುತ್ತದೆ. ಡೋಲಕ್ಕು, ಕಂಜರ, ತಾಳ, ಮೂಗಿಗೆ ಹತ್ತಿ ಅಂಟಿಕೊಂಡು ಸೀನುವ ಕ್ರಿಸ್ಮಸ್ ತಾತ. ಹಾಡಾದ ಮೇಲೆ ಮನೆಯವರು ಹಾಸಿದ್ದರ ಮೇಲೆ ಎಲ್ಲರೂ ಕೂರಬೇಕು. ಮನೆಯವರು ಕೈಯಾರೆ ಕೊಟ್ಟದ್ದನ್ನು ತಿನ್ನಬೇಕು. ಆಮೇಲೆ ಆ ಮನೆಯ ಹಿರಿಯರು ತಂಡಕ್ಕಾಗಿ ಪ್ರಾರ್ಥಿಸಿ ಕಳಿಸಬೇಕು. ಸಾಹುಕಾರನೇ ತಂಡದಲ್ಲಿರಲಿ, ಅಯ್ಯನವರೇ ಇರಲಿ, ಆ ಹೊತ್ತಿಗೆ ಅವರು ತಲೆ ಬಾಗಿಸುವವರು. ಮನೆಯವರು ಹರಸುವವರು.

ಆದರೆ ಮಿಲ್ಕಮ್ಮನ ಮನೆಯಲ್ಲಿ ತಂಡ ಕೂತದ್ದೇ ಇಲ್ಲ. ಬಾಗಿಲಲ್ಲಿ ನಿಂತು ಒಂದು ಹಾಡು. 'ಜಾಗ ಇಲ್ಲಬೇ, ನಿಂತ ತಿಂತೀವಿ' ಎಂದು ಕರ್ಚಿಕಾಯಿಯನ್ನು ಕೈಯಲ್ಲಿ ಹಿಡಿದು ನಡೆದುಬಿಡುವರು. ಪ್ರಾರ್ಥನೆಗೆ ಹೊತ್ತೆಲ್ಲಿ? ಅವಳು ಬಾಯಿ ತೆರೆಯುವಷ್ಟರಲ್ಲಿ ಡೋಲಕ್ಕು ಮುಂದಿನ ಮನೆಯಲ್ಲಿರುತ್ತಿತ್ತು.

ಒಂದು ವರ್ಷ ಅವಳ ಮನಸ್ಸಿಗೆ ಬಂತು. ಜಾಗ ಇಲ್ಲ ಅಂತಾರಲ್ಲ, ಅಂಗಳ ತುಂಬುವಂಥ ಒಂದು ಕೌದಿ ಹೊಲಿದರೆ? ಎಲ್ಲರೂ ಕೂರುತ್ತಾರಲ್ಲ? ಮಳೆಗಾಲದಿಂದಲೇ ಶುರುಮಾಡಿದಳು. ಆ ಮನೆ ಈ ಮನೆಯಿಂದ ಬಂದ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದಳು. ಇದು ಮೇಷ್ಟರ ಅಂಗಿ, ಇದು ನರ್ಸಮ್ಮನ ಸೀರೆ, ಇದು ಅಯ್ಯನವರ ಮಗಳ ಲಂಗ. ಇಡೀ ಸಭೆಯೇ ಅವಳ ತೊಡೆಯ ಮೇಲೆ ತುಂಡುತುಂಡಾಗಿ ಬಿದ್ದಿತ್ತು. ಅವಳು ಅದನ್ನು ಒಂದಾಗಿ ಹೊಲಿಯುತ್ತಿದ್ದಳು. ಕಣ್ಣು ಮಂಜಾಗತೊಡಗಿತ್ತು. ಇದೇ ತನ್ನ ಕೊನೆಯ ಕೌದಿ ಎಂದು ಅವಳಿಗೆ ಗೊತ್ತಿತ್ತು.

ಒಂದು ದಿನ ಶ್ರೀಮಂತನ ಹೆಂಡತಿ ಬಂದು ಅಂಗಳದಲ್ಲಿ ಕೂತಳು. ಕೌದಿ ನೋಡಿದಳು. ಮರುದಿನ ಒಂದು ಹಸಿರು ಇಳಕಲ್ ಸೀರೆ ತಂದು ಅವಳ ಮಡಿಲಲ್ಲಿ ಹಾಕಿದಳು.

"ಲಗ್ನಾಗಿ ಈ ಊರಿಗೆ ಬಂದ ದಿನ ಉಟ್ಟ ಸೀರಿ ಇದು. ಹರದೈತಿ, ಒಗ್ಯಾಕ ಮನಸಿಲ್ಲ. ನಡಕ ಇದನ್ನ ಹಚ್ಚು ಮಿಲ್ಕಮ್ಮಾ. ನಿನ್ನ ಕೈಯಾಗಾದ್ರ ಇನ್ನೊಂದಿಷ್ಟು ದಿನ ಬದುಕ್ತೈತಿ."

ಮಿಲ್ಕಮ್ಮ ಅದನ್ನು ಕೌದಿಯ ನಟ್ಟನಡುವೆ ಇಟ್ಟಳು. ಆಮೇಲೆ ಅವಳಿಗೊಂದು ಆಸೆ ಹುಟ್ಟಿತು. ಅದನ್ನು ಪಕ್ಕದ ಮನೆಯ ಹುಸೇನಬಿಗೆ ಮಾತ್ರ ಹೇಳಿದಳು.

"ಎಲ್ಲಾರೂ ಇದರ ಮ್ಯಾಲೆ ಕುಂತು ತಿಂದು ಏಳ್ತಾರಲ್ಲ, ಆವಾಗ ಇದನ್ನ ಮಡಚಿ ಸಾವ್ಕಾರ್ರ ಕೈಯಾಗ ಇಡ್ತೀನಿ ನೋಡು. ಇಷ್ಟು ವರ್ಸ ಅವರು ಕೊಟ್ಟಾರ. ಒಮ್ಮೆರ ನಾ ಕೊಡಬ್ಯಾಡೇನ?"

ನೋಡಿ, ಎಷ್ಟು ಸಣ್ಣ ಆಸೆ. ಒಮ್ಮೆಯಾದರೂ ನಾನು ಕೊಡಬೇಡವೇ? ಈ ಪ್ರಶ್ನೆಯನ್ನು ಹಾಗೆಯೇ ಹಿಡಿದುಕೊಳ್ಳಿ, ಬಿಡಬೇಡಿ.

ಇತ್ತ ಹಿರಿಯರ ಸಭೆ ಕೂಡಿತು. ಹಾಡಿನ ತಂಡಕ್ಕೆ ತಿನ್ನಿಸುವುದರಲ್ಲಿ ಮನೆಮನೆಗೂ ಪೈಪೋಟಿ ಬೆಳೆದಿತ್ತು. ಒಬ್ಬರು ಕೇಕ್ ಕೊಟ್ಟರೆ ಇನ್ನೊಬ್ಬರು ಕೋಳಿ. ಬಡವರು ಏನು ಮಾಡಬೇಕು? ಶ್ರೀಮಂತ ಎದ್ದು ನಿಂತ. ಅವನ ದನಿಯಲ್ಲಿ ನಿಜವಾದ ಕರುಣೆ ಇತ್ತು, ಸುಳ್ಳು ಹೇಳಬಾರದು.

"ಹಿಂದಿನ ಓಣ್ಯಾಗ ಹೋಗಿ ತಿಂದು ಬರೂದು ನನಗ ಸರಿ ಕಾಣೂದಿಲ್ಲ. ಪಾಪ, ಕೈಗಡ ತಂದು ಚಾ ಕುಡಸ್ತಾರ. ಈ ವರ್ಷ ಆ ಓಣಿ ಬಿಟ್ಟುಬಿಡೂಣು. ಅವರಿಗೆಲ್ಲ ಒಂದೊಂದು ಚೀಲ ಸಾಮಾನು ನಾ ಕೊಡ್ತೀನಿ."

ವಯಸ್ಸಾದ ಒಬ್ಬರು ಮೆಲ್ಲಗೆ ಅಂದರು: "ಅವರನ್ನ ಒಂದ್ ಮಾತು ಕೇಳಬೇಕಲ್ರೀ?"

"ಕೇಳಿದ್ರ ಬರ್ರಿ ಅಂತಾರ. ಬರಬ್ಯಾಡ್ರಿ ಅಂತ ಬಾಯಿಬಿಟ್ಟು ಹೆಂಗ ಅಂದಾರು? ನಾವ ತಿಳ್ಕೋಬೇಕು."

ಎಲ್ಲರೂ ತಲೆಯಾಡಿಸಿದರು. ಅಯ್ಯನವರೂ ತಲೆಯಾಡಿಸಿದರು. ಈಗ ನಿಮ್ಮನ್ನು ಕೇಳುತ್ತೇನೆ. ಇದರಲ್ಲಿ ತಪ್ಪೇನಿದೆ? ಕರುಣೆ ಇದೆ, ಖರ್ಚಿದೆ, ವಿವೇಕವೂ ಇದೆ. ನೀವು ಅಲ್ಲಿದ್ದಿದ್ದರೆ ಕೈ ಎತ್ತುತ್ತಿರಲಿಲ್ಲವೇ? ಎತ್ತುತ್ತಿದ್ದಿರಿ. ಅವರ ಪರವಾಗಿ ಎಲ್ಲವನ್ನೂ ತಿಳಿದುಕೊಂಡರು, ಅವರನ್ನು ಮಾತ್ರ ಕೇಳಲಿಲ್ಲ.

ಹಿಂದಿನ ಓಣಿಗೆ ತಂಡ ಯಾವಾಗಲೂ ಬರುತ್ತಿದ್ದ ಭಾನುವಾರ ಬಂತು. ಮಿಲ್ಕಮ್ಮ ಅಂಗಳ ಸಾರಿಸಿದಳು. ಕೌದಿ ಹಾಸಿದಳು. ಹಿಂದಿನ ದಿನವೇ ಕೊಬ್ಬರಿ, ಎಳ್ಳು, ಬೆಲ್ಲ ಹಾಕಿ ಕರ್ಚಿಕಾಯಿ ಕರಿದು ಡಬ್ಬಿ ತುಂಬಿದ್ದಳು. ಹುಸೇನಬಿಯ ಮನೆಯಿಂದ ಸ್ಟೀಲಿನ ಲೋಟಗಳನ್ನು ಕಡ ತಂದಳು. ಹಾಲು ತಂದಿಟ್ಟಳು. ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿದಳು. ಹರಸುವ ಪ್ರಾರ್ಥನೆಯನ್ನು ಎಷ್ಟೋ ದಿನಗಳಿಂದ ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು, ಎಲ್ಲಾದರೂ ತೊದಲಿಬಿಟ್ಟೇನು ಎಂದು.

ಬಿಸಿಲು ಇಳಿಯುವ ಹೊತ್ತಿಗೆ ದೊಡ್ಡ ಬೀದಿಯ ಕಡೆಯಿಂದ ಡೋಲಕ್ಕು ಕೇಳಿಸಿತು. ಚಹಾಕ್ಕೆ ನೀರಿಟ್ಟಳು. ಹಾಡು ಹತ್ತಿರ ಬಂತು. ಓಣಿಯ ತಿರುವಿನ ಮನೆಯಲ್ಲಿ ನಿಂತಿತು. ಇನ್ನೇನು, ಮುಂದಿನದು ತನ್ನ ಮನೆ. ಮಿಲ್ಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲಲ್ಲಿ ನಿಂತಳು.

ಹಾಡು ಮುಗಿಯಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಡೋಲಕ್ಕು ಮತ್ತೆ ಕೇಳಿಸಿತು, ಸ್ವಲ್ಪ ದೂರದಲ್ಲಿ.

ಹುಸೇನಬಿ ಓಣಿಯ ತುದಿಗೆ ಹೋಗಿ ನೋಡಿ ಬಂದಳು. "ಅತ್ತಾಗ ತಿರಗಿದ್ರು ನೋಡವಾ."

"ಬರ್ತಾರ. ಅತ್ತಾಗಿನ ಮನಿ ಮುಗಿಸಿ ಬರ್ತಾರ. ನನ್ನ ಮರೀತಾರೇನ?"

ಚಹಾ ಕುದ್ದು ಕುದ್ದು ಇಂಗಿತು. ಇನ್ನಷ್ಟು ನೀರು ಹಾಕಿದಳು. ಅದೂ ಇಂಗಿತು. ಮಬ್ಬಾಯಿತು. ನಕ್ಷತ್ರದೊಳಗೆ ದೀಪವಿಟ್ಟಳು. ಓಣಿಯ ಕೋಳಿ ಒಂದು ಬಂದು ಕೌದಿಯ ಮೇಲೆ ನಡೆಯಿತು, ಅದನ್ನು ಓಡಿಸಿದಳು. ಡೋಲಕ್ಕಿನ ಸದ್ದು ಈಗ ಊರಿನ ಆಚೆ ಕಡೆಯಿಂದ ಬರುತ್ತಿತ್ತು. ಹುಸೇನಬಿಯೇ ಕೊನೆಗೆ ಒಳಗೆ ಹೋಗಿ ಒಲೆ ಆರಿಸಿದಳು. ಕೌದಿಯ ಮೇಲೆ ಒಬ್ಬರೂ ಕೂರಲಿಲ್ಲ. ಮಿಲ್ಕಮ್ಮ ಕೂಡ ಕೂರಲಿಲ್ಲ, ಅದು ಬಂದವರಿಗೆಂದು ಹೊಲಿದದ್ದು.

ಪ್ರಿಯರೇ, ಅವಳನ್ನು ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ದಯೆಯಿಂದ ದಾಟಿಹೋದರು, ಅಷ್ಟೇ.

ಕ್ರಿಸ್ಮಸ್ ದಿನ ಆರಾಧನೆ ಮುಗಿದ ಮೇಲೆ ಶ್ರೀಮಂತ ಚೀಲಗಳನ್ನು ಹಂಚಿದ. ಮಿಲ್ಕಮ್ಮನ ಸರದಿ ಬಂತು. ಅಕ್ಕಿ, ಸಕ್ಕರೆ, ಚಹಾಪುಡಿ, ಮೇಲೊಂದು ಹೊಸ ಚಾದರ.

"ಸಾವ್ಕಾರ್ರ, ಮನ್ನೆ ನಮ್ಮನಿಗೆ ಬರಲಿಲ್ಲಲ್ರೀ?" ಎಂದಳು.

ಅವನು ಪ್ರೀತಿಯಿಂದಲೇ ನಕ್ಕ. "ನಿನಗ್ಯಾಕ ತ್ರಾಸ ಅಂತ ಬಿಟ್ವಿಬೇ. ನೀ ಏನೂ ಕೊಡೂದು ಬ್ಯಾಡ. ಕೊಡಾಕ ನಾವದೀವಿ. ನೀ ಆರಾಮ ಇರು."

"ಹೂನ್ರಿ" ಎಂದಳು. ಬೇರೇನು ಹೇಳಿಯಾಳು? ಚೀಲ ಎತ್ತಿಕೊಂಡು ಹೋದಳು. ಚೀಲದ ಮೇಲೆ ಭಾಗ್ಯದ ವಾಕ್ಯ ಇತ್ತಲ್ಲ, ಅವಳಿಗೆ ಓದು ಬರುತ್ತಿರಲಿಲ್ಲ, ಪುಣ್ಯ.

ಶ್ರೀಮಂತನ ದಾನ ಅಲ್ಲಿಗೆ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಅವಳ ಮನೆಗೆ ಹೊಸ ತಗಡು ಹೊದಿಸಿದ. ತಾನು ಬರಲಿಲ್ಲ, ಅಂಗಡಿಯ ಆಳುಗಳನ್ನು ಕಳಿಸಿದ. ಹೊಸ ಪಾತ್ರೆ ಕಳಿಸಿದ. ಲೋಟ, ಗ್ಯಾಸ್ ಒಲೆ, ಒಂದು ಪ್ಲಾಸ್ಟಿಕ್ ಕುರ್ಚಿ ಕೂಡ ಕಳಿಸಿದ. 'ಹಳೇದೆಲ್ಲ ತೆಗೆದು ಚೊಕ್ಕಟ ಮಾಡಿಕೊಟ್ಟು ಬನ್ನಿ' ಎಂದು ಹೇಳಿ ಕಳಿಸಿದ್ದ. ಆಳುಗಳು ಹೇಳಿದಂತೆ ಮಾಡಿದರು. ಮೂಲೆಯಲ್ಲಿ ಮಡಚಿಟ್ಟಿದ್ದ ಕೌದಿಯನ್ನೂ ಹೊತ್ತುಕೊಂಡು ಹೋದರು.

ಅದೇ ಮಳೆಗಾಲದಲ್ಲಿ ಶ್ರೀಮಂತನ ಹೆಂಡತಿ ತೀರಿಕೊಂಡಳು. ಜ್ವರ ಎಂದು ಮಲಗಿದವಳು ಏಳಲಿಲ್ಲ.

ಈಗ ಅವನು ಏನು ಮಾಡಿದ ಗೊತ್ತೇ? ದುಃಖದಲ್ಲಿದ್ದ ಮನುಷ್ಯ ತನಗೆ ರೂಢಿಯಾದದ್ದನ್ನೇ ಮಾಡುತ್ತಾನೆ. ಕೊಟ್ಟ. ಸಮಾಧಿಯಾದ ವಾರದೊಳಗೆ ಅವಳ ಸೀರೆಗಳನ್ನೆಲ್ಲ ಬಡವರಿಗೆ ಕೊಟ್ಟ. ಒಂದನ್ನೂ ಇಟ್ಟುಕೊಳ್ಳಲಿಲ್ಲ. ಊರು ಹೊಗಳಿತು. ಆಮೇಲೆ ಮನೆಗೆ ಬಂದು ಕಪಾಟು ತೆರೆದರೆ ಬರಿಯ ಹಲಗೆ. ಸಮಾಧಾನ ಹೇಳಲು ಬಂದವರೂ ಅವನ ಮುಂದೆ ತೊದಲುತ್ತಿದ್ದರು. ಯಾಕೆ? ಅವನಿಗೆ ಏನನ್ನಾದರೂ ಕೊಟ್ಟು ಅಭ್ಯಾಸ ಯಾರಿಗಿತ್ತು? ಒಂದು ಸಾಂತ್ವನದ ಮಾತು ಕೊಡುವುದಕ್ಕೂ ಜನ ಹೆದರಿದರು. ಅವನೇ ಅವರಿಗೆಲ್ಲ ಊಟ ಹಾಕಿಸಿ ಕಳಿಸಿದ. ಆ ದೊಡ್ಡ ಮನೆಯಲ್ಲಿ ಅವನು ಒಬ್ಬನೇ ಉಳಿದ, ಒಂದು ತುಂಡು ಬಟ್ಟೆಯೂ ಅವಳದೆಂದು ಇರಲಿಲ್ಲ.

ಡಿಸೆಂಬರ್ ಬಂತು. ಒಂದು ದಿನ ಹುಸೇನಬಿ ಬಾಗಿಲಿಗೆ ಒಂದು ಕಬ್ಬಿಣದ ಚಿಲಕ ಕೊಳ್ಳಲು ಅಂಗಡಿಗೆ ಬಂದಳು. ಗಲ್ಲಾದ ಹಿಂದೆ ಕೂತವನ ಮುಖ ನೋಡಿ ಮರುಗಿದಳು.

"ಅಕ್ಕಾರು ಬಾಳ ಚೊಲೋ ಇದ್ರರಿ. ತಮ್ಮ ಲಗ್ನದ ಹಸರ ಸೀರಿ ಮಿಲ್ಕಮ್ಮನ ಕೌದಿಗೆ ಕೊಟ್ಟಿದ್ರಲ್ರೀ. ನಡಕ ಹಚ್ಚಿದ್ಲು. ಎಷ್ಟ ಚಂದ ಕಾಣ್ತಿತ್ತು."

ಅವನಿಗೆ ಗೊತ್ತೇ ಇರಲಿಲ್ಲ. ಅಂಗಡಿಯನ್ನು ಆಳುಗಳಿಗೆ ಬಿಟ್ಟು ಹಾಗೇ ಎದ್ದು ನಡೆದ. ಹಿಂದಿನ ಓಣಿಗೆ ಬಂದ. ತಾನೇ ಹೊದಿಸಿದ ತಗಡಿನ ಕೆಳಗೆ, ಜೀವನದಲ್ಲಿ ಮೊದಲ ಸಲ, ತಲೆ ಬಗ್ಗಿಸಿ ಒಳಗೆ ಹೋದ. ಮಿಲ್ಕಮ್ಮನ ಕಣ್ಣಿಗೆ ಈಗ ಪೊರೆ ಪೂರ್ತಿ ಬಂದಿತ್ತು.

"ಯಾರ್ರೀ?"

"ನಾನಬೇ. ಒಂದು ಬೇಡಾಕ ಬಂದೀನಿ."

"ನೀವು ಬೇಡೂದಾ ಸಾವ್ಕಾರ್ರ? ನನ್ನ ಕಡೆ?"

"ನನ್ನ ಹೇಣ್ತಿ ಸೀರಿ ಹಚ್ಚಿ ಕೌದಿ ಹೊಲದಿದ್ದೆಂತಲ್ಲ. ಅದನ್ನ ಕೊಡು. ಎಷ್ಟಾಗ್ತೈತಿ ಹೇಳು, ಕೊಟ್ಟುಬಿಡ್ತೀನಿ."

ನೋಡಿದಿರಾ? ಬೇಡಲು ಬಂದವನು ಆಗಲೂ ಕೊಡುವ ಮಾತನ್ನೇ ಆಡಿದ. ಮಿಲ್ಕಮ್ಮ ಬೇಡವೆಂದು ಕೈಯಾಡಿಸಿದಳು.

"ಅದನ್ನ ಮಾರಾಕ ಹೊಲದಿದ್ದಿಲ್ರೀ. ನಿಮಗ ಅಂತ ಹೊಲದಿದ್ದೆ. ಹಾಡಾಕ ಬಂದಾಗ ಎಲ್ಲಾರೂ ಅದರ ಮ್ಯಾಲೆ ಕುಂತು ಎದ್ದಮ್ಯಾಲೆ ಮಡಚಿ ನಿಮ್ಮ ಕೈಯಾಗ ಇಡಬೇಕಂತ ಮಾಡಿದ್ದೆ. ನೀವು ಬರಲಿಲ್ಲ."

"ಈಗ ಎಲ್ಲೈತಿ?"

"ತಗಡು ಹೊದಸಾಕ ಬಂದ ನಿಮ್ಮ ಮಂದಿ ಒಯ್ದ್ರಲ್ರೀ. ಈ ಹರಕ ಅರಿವಿ ಯಾಕಬೇ, ಸಾವ್ಕಾರ್ರು ಹೊಸಾ ಚಾದರ ಕೊಟ್ಟಾರಲ್ಲ ಅಂದ್ರು. ನಾ ಬ್ಯಾಡ ಬ್ಯಾಡ ಅಂದೆ. ನನ್ನ ಮಾತು ಯಾರು ಕೇಳ್ತಾರ್ರೀ?"

ಶ್ರೀಮಂತನಿಗೆ ನೆನಪಾಯಿತು. ಮಳೆಗಾಲದ ಮೊದಲ ಮಳೆಗೆ ಗೋದಾಮಿನಲ್ಲಿ ಸಿಮೆಂಟಿನ ಚೀಲಗಳ ಮೇಲೆ ಆಳುಗಳು ಏನೋ ಬಣ್ಣಬಣ್ಣದ್ದನ್ನು ಎಳೆದಿದ್ದರು. ನೀರು ಸಿಮೆಂಟು ಸೇರಿ ಅದು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅವನೇ ಅದನ್ನು ಕಾಲಿನಿಂದ ತಳ್ಳಿ 'ಇದೇನು ಹೊಲಸು, ಒಗೀರಿ ಆಚೆ' ಎಂದಿದ್ದ. ಆಗ ಮನೆಯಲ್ಲಿ ಅವನ ಹೆಂಡತಿ ಇನ್ನೂ ಬದುಕಿದ್ದಳು.

ಅವನು ಕುರ್ಚಿಯಲ್ಲಿ ಕೂತ. ಬಂದವರಿಗೆ ಏನಾದರೂ ಕೊಡಬೇಕಲ್ಲ ಎಂದು ಮಿಲ್ಕಮ್ಮ ಗೋಡೆ ಹಿಡಿದುಕೊಂಡು ಎದ್ದಳು. ಎದ್ದವಳು ಹಾಗೆಯೇ ನಿಂತಳು.

"ಚಾ ಮಾಡ್ಲಿ ಅಂದ್ರ ಸಕ್ಕರಿ ನಿಮ್ದು, ಪುಡಿ ನಿಮ್ದು. ಒಲಿ ನಿಮ್ದು. ನೀವು ಕುಂತಿರೂ ಕುರ್ಚಿನೂ ನಿಮ್ದ. ನಂದು ಅಂತ ಏನು ಕೊಡ್ಲಿ ನಾ ನಿಮಗ?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಕುಟುಕಬೇಕೆಂದು ಅಂದದ್ದಲ್ಲ. ನಿಜವಾಗಿಯೂ ಹುಡುಕುತ್ತಿದ್ದಳು. ಅದೇ ಅವನನ್ನು ಕೊಂದಿತು. ಒಬ್ಬ ಹೆಂಗಸಿನ ಮನೆಯನ್ನು ತುಂಬಿ ತುಂಬಿ, ಬಂದವರಿಗೆ ಕೊಡಲು ಅವಳದೆಂಬ ಒಂದು ವಸ್ತುವೂ ಉಳಿಯದ ಹಾಗೆ ಮಾಡಿಟ್ಟಿದ್ದ.

"ನೀರು ಕೊಡಬೇ" ಎಂದ.

ಲೋಟಕ್ಕೆ ಕೈಹಾಕಿದಳು, ಬಿಟ್ಟಳು. ಲೋಟವೂ ಅವನದೇ. ಮೂಲೆಯಲ್ಲಿ ಹಳೆಯ ಮಣ್ಣಿನ ಗಡಿಗೆ ಇತ್ತು, ಆಳುಗಳು ಅದೊಂದನ್ನು ಬಿಟ್ಟು ಹೋಗಿದ್ದರು. ಅದನ್ನು ಎತ್ತಿಕೊಂಡು ಬಂದಳು. ಶ್ರೀಮಂತ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಬೊಗಸೆ ಒಡ್ಡಿದ. ಅವಳು ಸುರಿದಳು, ಕಣ್ಣು ಕಾಣದೆ ಅರ್ಧ ನೀರು ನೆಲಕ್ಕೆ ಹೋಯಿತು. ಉಳಿದದ್ದನ್ನು ಅವನು ಕುಡಿದ.

ಕುಡಿದು ತಲೆ ಬಾಗಿಸಿ ಕಾದ, ಮನೆಯವರು ಹರಸಿ ಕಳಿಸುವ ಪದ್ಧತಿ ಇದೆಯಲ್ಲ. ಮಿಲ್ಕಮ್ಮ ಅವನ ತಲೆಯ ಮೇಲೆ ಕೈ ಇಟ್ಟಳು. ಹಿಂದಿನ ವರ್ಷ ಅಷ್ಟು ದಿನ ಬಾಯಲ್ಲಿ ಕಟ್ಟಿಟ್ಟುಕೊಂಡ ಪ್ರಾರ್ಥನೆ ಈಗ ನಾಲಿಗೆಗೆ ಬರಲಿಲ್ಲ. ಹುಡುಕಿದಳು, ಸಿಗಲಿಲ್ಲ. ಕೊನೆಗೆ "ಹೋಗಿ ಬರ್ರಿ" ಎಂದಳು. ಅವನು ಎದ್ದ, ಹೋದ. ಕಥೆ ಇಷ್ಟೇ.

ಆಮೇಲೆ ಅವಳಿಗೆ ಕಣ್ಣು ಬಂತೇ, ಆ ಕೌದಿ ಎಲ್ಲಾದರೂ ಸಿಕ್ಕಿತೇ ಎಂದು ಕೇಳಬೇಡಿ. ಸಿಗಲಿಲ್ಲ. ಹೋದದ್ದು ಹೋಯಿತು.

ಈಗ ಆ ಚೀಲದ ಮಾತಿಗೆ ಬರೋಣ. ತೆಗೆದುಕೊಳ್ಳುವುದಕ್ಕಿಂತ ಕೊಡುವುದರಲ್ಲೇ ಹೆಚ್ಚು ಭಾಗ್ಯ. ಸತ್ಯವಾದ ಮಾತು. ನಾವೆಲ್ಲ ಅದನ್ನು ಎದೆ ತಟ್ಟಿಕೊಂಡು ಹೇಳುತ್ತೇವೆ. ಆದರೆ ಅಣ್ಣಂದಿರೇ, ಅಕ್ಕಂದಿರೇ, ಅದು ಅಷ್ಟು ದೊಡ್ಡ ಭಾಗ್ಯವಾದರೆ ಅದನ್ನೆಲ್ಲ ನೀವೇ ಯಾಕೆ ಇಟ್ಟುಕೊಂಡಿರಿ? ಅಕ್ಕಿಯನ್ನು ಹಂಚಿದಿರಿ, ಬಟ್ಟೆಯನ್ನು ಹಂಚಿದಿರಿ. ಕೊಡುವ ಭಾಗ್ಯವನ್ನು ಮಾತ್ರ ಕಪಾಟಿನಲ್ಲಿಟ್ಟು ಬೀಗ ಹಾಕಿದಿರಿ. ಕಡಿಮೆ ಭಾಗ್ಯವನ್ನು ಬಡವರಿಗೆ ಕೊಟ್ಟು ಹೆಚ್ಚಿನದನ್ನು ನೀವು ಹೊಡೆದುಕೊಂಡಿರಿ. ಇದಕ್ಕೆ ಧಾರಾಳ ಎನ್ನುತ್ತೀರಾ? ಇದೇ ಎಲ್ಲಕ್ಕಿಂತ ದೊಡ್ಡ ಜಿಪುಣತನ.

ದೇವರು ಹೇಗೆ ಕೊಟ್ಟ, ನೋಡಿ. ಭೂಮಿಯೂ ಆಕಾಶವೂ ಯಾರದೋ ಆ ದೇವರು ಬೆತ್ಲೆಹೇಮಿಗೆ ಬಂದಾಗ ಕೈಯಲ್ಲಿ ಏನಿತ್ತು? ಏನೂ ಇರಲಿಲ್ಲ. ಗೋದಲಿ ಯಾರದೋ ದನಗಳದ್ದು. ಸುತ್ತಿದ ಬಟ್ಟೆ ತಾಯಿ ತಂದದ್ದು. ಕುಡಿದ ಹಾಲು ಅವಳ ಎದೆಯದ್ದು. ದೊಡ್ಡವನಾದ ಮೇಲೂ ಅಷ್ಟೇ. ಕೂತು ಬೋಧಿಸಿದ ದೋಣಿ ಕಡ ತಂದದ್ದು. ಏರಿದ ಕತ್ತೆ ಕಡ. ಹೂಳಿದ ಗವಿಯೂ ಕಡ. ಬಾವಿಯ ಹತ್ತಿರ ಊರೇ ದೂರವಿಟ್ಟ ಒಬ್ಬ ಹೆಂಗಸನ್ನು 'ಕುಡಿಯಲು ನೀರು ಕೊಡು' ಎಂದು ಕೇಳಿದ. ಕೊಡುವುದಕ್ಕೆಂದೇ ಬಂದವನು ಮೊದಲು ಕೈ ಚಾಚಿದ. ಯಾಕೆ? ಕೇಳಿದಾಗಲೇ ಅಲ್ಲವೇ ಆ ಹೆಂಗಸು ತಲೆ ಎತ್ತಿ ಅವನ ಮುಖ ನೋಡಿದ್ದು? ಕ್ರಿಸ್ಮಸ್ ಎಂದರೆ ಇದು. ದೇವರು ಮೇಲಿನಿಂದ ಚೀಲ ಎಸೆಯಲಿಲ್ಲ, ಕೆಳಗಿಳಿದು ನಮ್ಮ ಮನೆಯ ಹರಕು ಹಾಸಿಗೆಯ ಮೇಲೆ ಕೂತ.

ಹಾಗಾದರೆ ನೀವು ಏನು ಮಾಡಬೇಕು? ನಾಳೆ ಬೆಳಿಗ್ಗೆಯಿಂದಲೇ ಶುರುಮಾಡಿ. ಮನೆಗೆಲಸದವಳು ತನ್ನ ಹಿತ್ತಲಿನ ಪೇರಲಹಣ್ಣು ತಂದು ಕೊಟ್ಟಾಗ 'ಅಯ್ಯೋ, ನಿನ್ನ ಮಕ್ಕಳಿಗೇ ಕೊಡು' ಎನ್ನುತ್ತೀರಲ್ಲ, ಆ ಮಾತನ್ನು ಬಿಡಿ. ತೆಗೆದುಕೊಳ್ಳಿ. ಅವಳೆದುರಿಗೇ ಕಚ್ಚಿ ತಿನ್ನಿ. ಬಡ ನೆಂಟರು ಮದುವೆಗೆ ತಂದ ಸ್ಟೀಲಿನ ಡಬ್ಬಿಯನ್ನು ಮೂಲೆಗೆ ಸರಿಸುತ್ತೀರಲ್ಲ, ಅದರಲ್ಲೇ ಸಕ್ಕರೆ ತುಂಬಿಡಿ, ಅವರು ಬಂದಾಗ ಅದೇ ಡಬ್ಬಿ ತೆಗೆಯಿರಿ. ಬಡವರ ಮನೆಗೆ ಹೋದಾಗ 'ನನಗೆ ಶುಗರ್ ಇದೆ' ಎಂದು ಕೈ ಮುಗಿಯಬೇಡಿ. ಬಿರಿಯಾನಿಯ ಮುಂದೆ ನಿಮ್ಮ ಶುಗರ್ ಎಲ್ಲಿ ಹೋಗುತ್ತದೆ ಎಂದು ನಾನು ಹಬ್ಬದ ಊಟದಲ್ಲಿ ನೋಡಿದ್ದೇನೆ. ಹಾಸಿಗೆ ಹಿಡಿದ ಅಜ್ಜನನ್ನು ನೋಡಲು ಹೋದಾಗ ನೀವೇ ಪ್ರಾರ್ಥನೆ ಮಾಡಿ ಹಣ್ಣಿಟ್ಟು ಬರಬೇಡಿ. 'ಅಜ್ಜಾ, ನನಗೋಸ್ಕರ ಪ್ರಾರ್ಥನೆ ಮಾಡು' ಎಂದು ಕೇಳಿ, ತಲೆ ಬಾಗಿಸಿ ಕೂರಿ. ಮತ್ತೆ, ಯಾರದೇ ಮನೆಯನ್ನು ಚೊಕ್ಕಟ ಮಾಡಿಕೊಡುವ ಮುಂಚೆ ಯಾವುದು ಬೇಕು ಯಾವುದು ಬೇಡ ಎಂದು ಆ ಮನೆಯವರನ್ನೇ ಕೇಳಿ. ಕೊಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಈ ಕಥೆ ಕೇಳಿ ಯಾರಾದರೂ ಪೊಟ್ಟಣ ವಾಪಸು ಮನೆಗೆ ಒಯ್ದರೆ ಅವರಿಗೆ ನಾನು ಬೇರೆ ಪ್ರಸಂಗ ಇಟ್ಟಿದ್ದೇನೆ.

ಕೊನೆಯ ಒಂದು ಮಾತು. ನಿನ್ನೆ ನನಗೆ ಒಂದು ವಿಷಯ ಗೊತ್ತಾಯಿತು. ನಮ್ಮ ಸಭೆಯ ಹಾಡಿನ ತಂಡ ಇವತ್ತು ಸಂಜೆ ಹೊರಡುತ್ತದಲ್ಲ, ಈ ಸಲ ಹಳೇ ಸ್ಟೇಷನ್ನಿನ ಹಿಂದಿನ ಓಣಿಗೆ ಹೋಗುವುದಿಲ್ಲವಂತೆ. ಯಾಕೆ ಎಂದು ಕೇಳಿದೆ. 'ಪಾಪ, ಅವರಿಗೆ ಯಾಕೆ ತೊಂದರೆ ಅಯ್ಯನವರೇ, ಪೊಟ್ಟಣ ಕಳಿಸುತ್ತೇವಲ್ಲ' ಎಂದರು. ಹೇಳಿದವರು ಇಲ್ಲೇ ಕೂತಿದ್ದಾರೆ. ಒಳ್ಳೆಯವರು. ತುಂಬ ಒಳ್ಳೆಯವರು.

ಆ ಓಣಿಯಲ್ಲಿ ಈ ಹೊತ್ತು ಯಾರೋ ಅಂಗಳ ಸಾರಿಸುತ್ತಿರಬಹುದು. ಯಾರೋ ಪಕ್ಕದ ಮನೆಯಿಂದ ಲೋಟ ಕಡ ತರುತ್ತಿರಬಹುದು. ಇವತ್ತು ಸಂಜೆ ನಾವು ಮೊದಲು ಅಲ್ಲಿಗೆ ಹೋಗುತ್ತೇವೆ. ಪೊಟ್ಟಣ ಹಿಡಿಯದೆ, ಬರಿಗೈಯಲ್ಲಿ ಹೋಗುತ್ತೇವೆ. ಅವರು ಹಾಸಿದ್ದರ ಮೇಲೆ ಕೂರುತ್ತೇವೆ, ಕೊಟ್ಟದ್ದನ್ನು ತಿನ್ನುತ್ತೇವೆ, ಅವರು ಹರಸಿ ಮುಗಿಸುವ ತನಕ ಒಬ್ಬರೂ ಏಳುವುದಿಲ್ಲ. ಡೋಲಕ್ಕು ಬಾರಿಸುವವರೇ, ಕೇಳಿಸಿತೇ? ಈಗ ಎದ್ದು ನಿಲ್ಲಿ, ಕೈಗಳನ್ನು ಬೊಗಸೆ ಮಾಡಿ. ಬರಿದಾಗಿಯೇ ಇರಲಿ. ಹಾಗೆಯೇ ಪ್ರಾರ್ಥಿಸೋಣ.